ಅಂಚನ್ನು ಕತ್ತರಿಸಲೊಪ್ಪದ ಛಾಯಾಗ್ರಾಹಕ: ಹೆನ್ರಿ ಕಾರ್ಟಿಯೆ ಬ್ರೆಸಾನ್

ನಮ್ಮಲ್ಲಿ ಅನೇಕರ ಮನೆಯ ಚಾವಡಿಯ ಗೋಡೆಯಲ್ಲಿ ಮದುವೆಯ ಒಂದು ಹಳೆಯ ಗುಂಪುಚಿತ್ರ ತೂಗುತ್ತಿರುತ್ತದೆ. ನಡುವೆ ವಧೂವರರು, ಇಕ್ಕೆಲಗಳಲ್ಲಿ ಹಿರಿಯರು, ಮುಂದೆ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತ ಮಕ್ಕಳು. ಹತ್ತಿರ ಹೋಗಿ ನೋಡಿದರೆ ಒಂದು ಅಂಚಿನಲ್ಲಿ ಯಾರದೋ ಅರ್ಧ ಭುಜವೋ ಸೀರೆಯ ಸೆರಗಿನ ತುದಿಯೋ ಕಾಣಿಸುವುದುಂಟು. ಕಟ್ಟು ಹಾಕಿಸುವಾಗ ಚೌಕಟ್ಟಿನ ಅಳತೆಗೆ ಚಿತ್ರ ದೊಡ್ಡದಾಯಿತೆಂದು ಅಂಚನ್ನು ಕತ್ತರಿಸಿರುತ್ತಾರೆ. ಗುರುತು ಹೇಳಬಲ್ಲ ಅಜ್ಜಿ ಇರುವಷ್ಟು ಕಾಲ ಆ ಸೆರಗು ದೊಡ್ಡತ್ತೆಯದೋ ಚಿಕ್ಕಮ್ಮನದೋ ಆಗಿರುತ್ತದೆ. ಅಜ್ಜಿಯ ಕಾಲ ಕಳೆದ ಮೇಲೆ ಅದು ಬರಿಯ ಸೆರಗು.

ತೆಗೆದ ಚಿತ್ರವನ್ನು ಆಮೇಲೆ ಕತ್ತರಿಸಬಹುದೇ, ಕೂಡದೇ? ಹೊರನೋಟಕ್ಕೆ ಇದು ಛಾಯಾಗ್ರಾಹಕರು ತಮ್ಮತಮ್ಮೊಳಗೆ ಚರ್ಚಿಸಬೇಕಾದ ಸಣ್ಣ ಪ್ರಶ್ನೆ. ಆದರೆ ಈ ಪ್ರಶ್ನೆಗೆ ಕೂಡದು ಎಂಬ ಉತ್ತರವನ್ನು ಬಾಳಿನ ನಿಯಮವನ್ನಾಗಿ ಮಾಡಿಕೊಂಡು, ಆ ನಿಯಮದಿಂದಲೇ ಇಪ್ಪತ್ತನೆಯ ಶತಮಾನದ ಅತಿ ಪ್ರಸಿದ್ಧ ಛಾಯಾಗ್ರಾಹಕರಲ್ಲಿ ಒಬ್ಬರೆನಿಸಿದವರು ಫ್ರಾನ್ಸಿನ ಹೆನ್ರಿ ಕಾರ್ಟಿಯೆ ಬ್ರೆಸಾನ್. ವಿಚಿತ್ರವೆಂದರೆ, ಅವರ ಹೆಸರನ್ನು ಲೋಕದಲ್ಲೆಲ್ಲ ಹಬ್ಬಿಸಿದ ಚಿತ್ರವೇ ಆ ನಿಯಮಕ್ಕೆ ಹೊರತಾದುದು.

ನೂಲಿನ ಮನೆತನದ ಹುಡುಗ

ಬ್ರೆಸಾನ್ ಜನಿಸಿದ್ದು 1908ರ ಆಗಸ್ಟ್ 22ರಂದು, ಪ್ಯಾರಿಸ್ ನಗರದ ಪೂರ್ವಕ್ಕಿರುವ ಶಾಂತಲೂ ಎಂಬ ಊರಿನಲ್ಲಿ. ಐವರು ಮಕ್ಕಳಲ್ಲಿ ಹಿರಿಯವರು. ಮನೆತನದ್ದು ನೂಲಿನ ಉದ್ಯಮ. ಕಾರ್ಟಿಯೆ ಬ್ರೆಸಾನ್ ಹೆಸರಿನ ಹೊಲಿಗೆ ನೂಲು ಆ ಕಾಲದ ಫ್ರೆಂಚ್ ಗೃಹಿಣಿಯರಿಗೆ ಚಿರಪರಿಚಿತವಾಗಿತ್ತು. ಹಿರಿಯ ಮಗ ಉದ್ಯಮವನ್ನು ನೋಡಿಕೊಳ್ಳಬೇಕೆಂಬುದು ತಂದೆಯ ಆಸೆ. ಮಗನಿಗಾದರೋ ಚಿತ್ರಕಲೆಯ ಹುಚ್ಚು. ಚಿತ್ರಕಾರರಾಗಿದ್ದ ಚಿಕ್ಕಪ್ಪ ಲೂಯಿ ಎಳೆಯ ವಯಸ್ಸಿನಲ್ಲೇ ಆ ರುಚಿ ಹಿಡಿಸಿದ್ದರು. ಆದರೆ ಅವರು ಮೊದಲನೆಯ ಮಹಾಯುದ್ಧದಲ್ಲಿ ಮಡಿದರು. ಹುಡುಗ ಶಾಲೆಯ ಕೊನೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. 1927ರಲ್ಲಿ ಆಂದ್ರೆ ಲೋತ್ ಎಂಬ ಚಿತ್ರಕಾರರ ಬಳಿ ಶಿಷ್ಯವೃತ್ತಿಗೆ ಸೇರಿದರು.

ಲೋತ್ ಮಾಸ್ತರರ ಪಾಠವೆಂದರೆ ರೇಖಾಗಣಿತ. ಒಂದು ಚಿತ್ರದೊಳಗೆ ಯಾವ ಗೆರೆ ಎಲ್ಲಿಂದ ಹೊರಟು ಎಲ್ಲಿಗೆ ಸೇರಬೇಕು, ಬೆಳಕಿಗೆ ಎಷ್ಟು ಪಾಲು, ನೆರಳಿಗೆ ಎಷ್ಟು, ಖಾಲಿ ಜಾಗಕ್ಕೆ ಎಷ್ಟು ಎಂಬ ಲೆಕ್ಕಾಚಾರ. ಈ ಶಿಸ್ತು ಶಿಷ್ಯನಿಗೆ ಆಗ ಉಸಿರುಗಟ್ಟಿಸಿತಾದರೂ ಮುಂದೆ ಅವರ ಕೈ ಹಿಡಿದದ್ದು ಇದೇ. ಚಿತ್ರಕಾರ ತನ್ನ ಕ್ಯಾನ್ವಾಸಿನ ನಾಲ್ಕು ಅಂಚುಗಳನ್ನು ಮೊದಲೇ ನಿಶ್ಚಯಿಸಿಕೊಂಡು ಅದರೊಳಗೆ ಎಲ್ಲವನ್ನೂ ತೂಗಿ ಇಡುತ್ತಾನಷ್ಟೆ? ಬ್ರೆಸಾನ್ ಕೆಮರಾ ಹಿಡಿದ ಮೇಲೂ ಹಾಗೆಯೇ ಮಾಡಿದರು.

ಕೆಮರಾ ಕೈಸೇರಿದ್ದು ಸುತ್ತು ದಾರಿಯಲ್ಲಿ. ಮನೆಯ ಸಿರಿತನದಿಂದ ದೂರ ಹೋಗಬೇಕೆಂದು ಇಪ್ಪತ್ತೆರಡರ ಹರೆಯದ ಅವರು ಆಫ್ರಿಕದ ಐವರಿ ಕೋಸ್ಟಿಗೆ ಹಡಗು ಹತ್ತಿದರು. ಅಲ್ಲಿ ಬೇಟೆಯಾಡಿ ಮಾಂಸ ಮಾರಿ ಜೀವಿಸಿದರು. ಅಷ್ಟರಲ್ಲಿ ಮಲೇರಿಯದ ಅತಿ ಘೋರ ರೂಪವಾದ, ಮೂತ್ರವೇ ಕಪ್ಪಾಗಿ ಹೋಗುವ ಜ್ವರಕ್ಕೆ ತುತ್ತಾದರು. ಇನ್ನು ಉಳಿಯಲಾರೆನೆಂದು ತಿಳಿದು, ತನ್ನ ಅಂತ್ಯಸಂಸ್ಕಾರ ಹೇಗೆ ನಡೆಯಬೇಕು, ಯಾವ ಸಂಗೀತ ನುಡಿಸಬೇಕು ಎಂದು ಅಜ್ಜನಿಗೆ ಕಾಗದ ಬರೆದರಂತೆ. ಅದೆಲ್ಲ ಬಹಳ ಖರ್ಚಿನ ಬಾಬತ್ತು, ಮೊದಲು ಮನೆಗೆ ಬರುವುದೇ ಲೇಸು ಎಂಬ ಉತ್ತರ ಮನೆಯಿಂದ ಬಂತು! ಬದುಕಿ ಮರಳಿದರು. ಆಫ್ರಿಕದಲ್ಲಿ ತೆಗೆದ ಚಿತ್ರಗಳಲ್ಲಿ ಹೆಚ್ಚಿನವು ಸೆಕೆಗೆ ಬೂಸಲು ಹಿಡಿದು ಹಾಳಾಗಿದ್ದವು.

ಊರಿಗೆ ಮರಳಿದ ಮೇಲೆ ಒಂದು ಪತ್ರಿಕೆಯಲ್ಲಿ ಅವರು ಹಂಗೇರಿಯ ಮಾರ್ಟಿನ್ ಮುಂಕಾಚಿಯವರ ಒಂದು ಚಿತ್ರ ಕಂಡರು. ಮೂವರು ಆಫ್ರಿಕನ್ ಹುಡುಗರು ಟಾಂಗನ್ಯಿಕಾ ಸರೋವರದ ಅಲೆಗಳೊಳಗೆ ಬೆತ್ತಲೆ ಓಡಿ ನುಗ್ಗುವ ಚಿತ್ರ. ಓಡುವ ಕ್ಷಣವೊಂದನ್ನು ಕೆಮರಾ ಹೀಗೆ ಹಿಡಿದಿಡಬಲ್ಲುದೇ ಎಂದು ಬೆರಗಾದ ಅವರು 1932ರಲ್ಲಿ ಮಾರ್ಸೇಲ್ಸ್ ಪಟ್ಟಣದಲ್ಲಿ ಲೈಕಾ ಎಂಬ ಜರ್ಮನ್ ಕೆಮರಾ ಕೊಂಡರು.

ಲೈಕಾ ಅಂದಿನ ಕಾಲಕ್ಕೆ ಒಂದು ಕ್ರಾಂತಿ. ಅದುವರೆಗಿನ ಅನೇಕ ಕೆಮರಾಗಳು ಮುಕ್ಕಾಲಿ, ಕರಿಬಟ್ಟೆ, ಗಾಜಿನ ತಟ್ಟೆಗಳ ಹೊರೆಯಾಗಿದ್ದರೆ, ಇದು ಕೋಟಿನ ಕಿಸೆಯಲ್ಲಿ ಹಿಡಿಸುವಂಥದು. ಸಿನೆಮಾ ರೀಲಿನ ಪಟ್ಟಿಯನ್ನೇ ಬಳಸಿ ಒಂದು ಸುರುಳಿಗೆ 36 ಚಿತ್ರ ತೆಗೆಯಬಹುದಿತ್ತು. ಒಂದೊಂದು ನೆಗೆಟಿವ್ 24 ಮಿಲಿಮೀಟರ್ ಎತ್ತರ, 36 ಮಿಲಿಮೀಟರ್ ಅಗಲ. ಅಂದರೆ ಒಂದು ಅಂಚೆಚೀಟಿಯಷ್ಟು. ಕೆಮರಾದ ಹೊಳೆಯುವ ಭಾಗಗಳಿಗೆ ಕಪ್ಪು ಪಟ್ಟಿ ಅಂಟಿಸಿ, ಯಾರ ಕಣ್ಣಿಗೂ ಬೀಳದಂತೆ ಬ್ರೆಸಾನ್ ಬೀದಿ ಬೀದಿ ಸುತ್ತಿದರು. ಬಹುತೇಕ ಯಾವಾಗಲೂ 50 ಮಿಲಿಮೀಟರಿನ ಒಂದೇ ಲೆನ್ಸು. ಫ್ಲಾಶ್ ಬೆಳಕು ಬಳಸಲಿಲ್ಲ.

ಬೇಲಿಯ ಸಂದಿನ ಚಿತ್ರ

ಅದೇ 1932ರಲ್ಲಿ ಪ್ಯಾರಿಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂಬದಿಯಲ್ಲಿ ಆ ಪ್ರಸಿದ್ಧ ಚಿತ್ರ ಹುಟ್ಟಿತು. ನೆಲದಲ್ಲಿ ನೀರು ತುಂಬಿ ನಿಂತಿದೆ. ನೀರಿನ ಮೇಲೆ ಅಡ್ಡಬಿದ್ದ ಏಣಿಯೊಂದರಿಂದ ಹಾರಿದ ಒಬ್ಬಾತ ಗಾಳಿಯಲ್ಲಿದ್ದಾನೆ. ಅವನ ಹಿಮ್ಮಡಿಗೂ ನೀರಿಗೂ ಕೂದಲೆಳೆಯ ಅಂತರ. ಕೆಳಗೆ ನೀರಿನಲ್ಲಿ ಅವನದೇ ಪ್ರತಿಬಿಂಬ. ಹಿಂದಿನ ಗೋಡೆಯ ಪೋಸ್ಟರಿನಲ್ಲಿ ನರ್ತಕಿಯೊಬ್ಬಳು ಅದೇ ಭಂಗಿಯಲ್ಲಿ ಹಾರುತ್ತಿದ್ದಾಳೆ. ಮರುಕ್ಷಣ ಆತನ ಕಾಲು ನೀರಿಗೆ ಬಿದ್ದು ಆ ಕನ್ನಡಿ ಒಡೆಯುತ್ತದೆ.

ಈ ಚಿತ್ರ ತೆಗೆದದ್ದು ಹಲಗೆಯ ಬೇಲಿಯ ಸಂದಿನಿಂದ. ಸಂದು ಲೆನ್ಸಿನಷ್ಟು ಅಗಲವಿರಲಿಲ್ಲ. ಆದ್ದರಿಂದ ನೆಗೆಟಿವಿನ ಎಡಬದಿಯಲ್ಲಿ ಬೇಲಿಯ ಹಲಗೆ ದಪ್ಪಗೆ ಅಡ್ಡ ಬಂದಿದೆ. ಮುದ್ರಿಸುವಾಗ ಆ ಭಾಗವನ್ನು ಬಿಡಲೇಬೇಕಾಯಿತು. ಇಂದು ಲೋಕ ಕಾಣುವ ಚಿತ್ರ ಕತ್ತರಿಸಿದ ಚಿತ್ರವೇ.

ಬ್ರೆಸಾನ್ ಇದನ್ನು ಮುಚ್ಚಿಡಲಿಲ್ಲ. ಸಂದು ಸಾಲದಾಯಿತು ಎಂಬುದನ್ನೂ ಆ ಹಾರಾಟ ಸಿಕ್ಕಿದ್ದು ಅದೃಷ್ಟ ಎಂಬುದನ್ನೂ ಅವರು ಮುಂದೆ ಒಪ್ಪಿಕೊಂಡರು. ಆದರೆ ಅದನ್ನು ತನ್ನ ದಾರಿಯನ್ನಾಗಿ ಮಾಡಿಕೊಳ್ಳಲಿಲ್ಲ. ಅಪವಾದವನ್ನು ಅಪವಾದವೆಂದೇ ಕರೆದದ್ದು ಅವರ ದೊಡ್ಡತನ.

ಕತ್ತರಿಸಬಾರದೇಕೆ?

ಫಿಲ್ಮಿನ ಕಾಲದಲ್ಲಿ ಚಿತ್ರ ಕತ್ತರಿಸಲು ಕತ್ತರಿಯೇ ಬೇಕಿರಲಿಲ್ಲ. ಡಾರ್ಕ್‌ರೂಮಿನಲ್ಲಿ ಎನ್ಲಾರ್ಜರ್ ಯಂತ್ರದ ತಲೆಯನ್ನು ಸ್ವಲ್ಪ ಮೇಲಕ್ಕೇರಿಸಿದರೆ ಬಿಂಬ ದೊಡ್ಡದಾಗುತ್ತದೆ. ಕಾಗದದ ಮೇಲೆ ಬೇಕಾದ ಭಾಗ ಮಾತ್ರ ಬೀಳುವಂತೆ ಮಾಡಿದರೆ ಉಳಿದದ್ದು ಹೊರಗೆ ಹೋಗುತ್ತದೆ. ಸುಲಭದ ಕೆಲಸ. ಆದರೆ ಅಂಚೆಚೀಟಿಯಷ್ಟರ ನೆಗೆಟಿವಿನಲ್ಲಿ ಅರ್ಧವನ್ನು ಬಿಟ್ಟು ಉಳಿದರ್ಧವನ್ನು ಹಿಗ್ಗಿಸಿದರೆ ಬೆಳ್ಳಿಯ ಕಣಗಳು ರವೆಯಂತೆ ಎದ್ದು ಕಾಣುತ್ತವೆ. ಇದು ಯಂತ್ರದ ಕಾರಣ.

ಬ್ರೆಸಾನರ ಕಾರಣ ಬೇರೆ. 1952ರಲ್ಲಿ ಪ್ರಕಟವಾದ ಅವರ ಹೆಸರಾಂತ ಪುಸ್ತಕಕ್ಕೆ ಚಿತ್ರಕಾರ ಮಾತೀಸ್ ಮುಖಪುಟ ಮಾಡಿಕೊಟ್ಟರು. ಇಂಗ್ಲಿಷಿನಲ್ಲಿ ಅದು ನಿರ್ಣಾಯಕ ಕ್ಷಣ ಎಂಬರ್ಥದ ಹೆಸರಿನಿಂದ ಬಂತು. ಅದರ ಮುನ್ನುಡಿಯಲ್ಲಿ ಅವರು ತಮ್ಮ ವಾದವನ್ನು ಮುಂದಿಟ್ಟರು. ಅದರ ಸಾರ ಇಷ್ಟು: ಒಳ್ಳೆಯ ಚಿತ್ರದಲ್ಲಿ ಎಲ್ಲ ಭಾಗಗಳೂ ಒಂದಕ್ಕೊಂದು ಹೊಂದಿ ನಿಂತಿರುತ್ತವೆ, ಅಂಚನ್ನು ತೆಗೆದರೆ ಆ ಹೊಂದಾಣಿಕೆ ಕುಸಿಯುತ್ತದೆ. ತೆಗೆಯುವಾಗಲೇ ಸೊರಗಿದ ಚಿತ್ರವನ್ನು ಡಾರ್ಕ್‌ರೂಮಿನಲ್ಲಿ ಎಷ್ಟು ಕತ್ತರಿಸಿದರೂ ಅದು ಎದ್ದು ನಿಲ್ಲುವುದಿಲ್ಲ. ಗುಂಡಿ ಒತ್ತುವಾಗ ಇಲ್ಲದ ದೃಷ್ಟಿ ಆಮೇಲೆ ಎಲ್ಲಿಂದ ಬರಬೇಕು?

ಚಿತ್ರಗಳನ್ನು ಆರಿಸುವಾಗ ಅವರು ಅವುಗಳನ್ನು ತಲೆಕೆಳಗಾಗಿ ಹಿಡಿದು ನೋಡುತ್ತಿದ್ದರು. ಯಾರ ಮುಖ, ಯಾವ ಊರು ಎಂಬುದನ್ನು ಮರೆತು ಗೆರೆ ಮತ್ತು ತೂಕ ಸರಿಯಿದೆಯೇ ಎಂದು ಪರೀಕ್ಷಿಸುವ ಉಪಾಯವದು. ಮುದ್ರಣವನ್ನು ಅವರು ಸ್ವತಃ ಮಾಡದೆ ಪ್ಯಾರಿಸಿನ ನುರಿತ ಕೆಲಸಗಾರರಿಗೆ ವಹಿಸಿದ್ದರು. ಆದರೆ ನೆಗೆಟಿವಿನ ಪೂರ್ತಿ ಭಾಗ ಬಂದಿದೆಯೆಂಬುದಕ್ಕೆ ಸಾಕ್ಷಿಯಾಗಿ ಚಿತ್ರದ ಸುತ್ತ ಒಂದು ಸಪೂರ ಕಪ್ಪು ಗೆರೆ ಇರಬೇಕೆಂದು ವಿಧಿಸಿದ್ದರು. ನೆಗೆಟಿವಿನಾಚೆಯ ಬರಿಯ ಫಿಲ್ಮಿನ ಅಂಚು ಕಾಗದದಲ್ಲಿ ಹೀಗೆ ಕಪ್ಪಗೆ ಮೂಡುತ್ತದೆ. ಆ ಗೆರೆಯೇ ಅವರ ಸಹಿ.

ಸೆರೆ, ಯುದ್ಧ, ಮತ್ತೊಂದು ಚಿತ್ರ

1936ರಿಂದ ಬ್ರೆಸಾನ್ ಕೆಲವು ಕಾಲ ಸಿನೆಮಾ ನಿರ್ದೇಶಕ ಜಾನ್ ರೆನ್ವಾರರ ಸಹಾಯಕರಾಗಿದ್ದರು. 1937ರಲ್ಲಿ ಜಾವಾದ ನರ್ತಕಿ ರತ್ನ ಮೋಹಿನಿಯವರನ್ನು ಮದುವೆಯಾದರು. ಅದೇ ವರ್ಷ ಲಂಡನಿನಲ್ಲಿ ಆರನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕಕ್ಕೆ ಹೋದವರು ದೊರೆಯತ್ತ ಕೆಮರಾ ತಿರುಗಿಸದೆ, ದೊರೆಯನ್ನು ನೋಡಲು ನಿಂತ ಜನರ ಚಿತ್ರಗಳನ್ನೇ ತಂದರು.

ಎರಡನೆಯ ಮಹಾಯುದ್ಧ ಬಂದಾಗ ಸೈನ್ಯ ಸೇರಿದರು. 1940ರ ಜೂನಿನಲ್ಲಿ ಜರ್ಮನರ ಸೆರೆಯಾದರು. ಸಿಕ್ಕಿಬೀಳುವ ಮುಂಚೆ ತಮ್ಮ ಲೈಕಾವನ್ನು ಮಣ್ಣಿನಲ್ಲಿ ಹೂತಿಟ್ಟಿದ್ದರು. ಸುಮಾರು 35 ತಿಂಗಳ ಸೆರೆವಾಸ. ಎರಡು ಬಾರಿ ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿಬಿದ್ದರು. 1943ರಲ್ಲಿ ಮೂರನೆಯ ಯತ್ನ ಫಲಿಸಿತು. ಹೂತಿಟ್ಟ ಕೆಮರಾವನ್ನು ಅಗೆದು ತೆಗೆದು ಮತ್ತೆ ಕೆಲಸಕ್ಕೆ ತೊಡಗಿದರು. ಇತ್ತ ಅವರು ಯುದ್ಧದಲ್ಲಿ ಸತ್ತಿರಬೇಕೆಂದು ನಂಬಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವರ ಸ್ಮರಣಾರ್ಥ ಪ್ರದರ್ಶನವೊಂದಕ್ಕೆ ಸಿದ್ಧತೆ ಮಾಡುತ್ತಿತ್ತು. 1947ರಲ್ಲಿ ಆ ಪ್ರದರ್ಶನ ನಡೆದಾಗ, ಸತ್ತವರೆನಿಸಿಕೊಂಡವರೇ ಮುಂದೆ ನಿಂತು ಅದಕ್ಕೆ ನೆರವಾಗಿದ್ದರು!

1945ರಲ್ಲಿ, ಸೆರೆಯಾಳುಗಳ ಮರಳುವಿಕೆಯ ಬಗ್ಗೆ ಚಲನಚಿತ್ರ ತಯಾರಿಸುತ್ತಿದ್ದಾಗ, ಜರ್ಮನಿಯ ಡೆಸಾವ್ ಪಟ್ಟಣದ ಶಿಬಿರದಲ್ಲಿ ತೆಗೆದ ಚಿತ್ರವೊಂದಿದೆ. ನಾಜಿಗಳ ಗುಪ್ತ ಪೋಲೀಸರಿಗೆ ಸುಳಿವು ಕೊಡುತ್ತಿದ್ದ ಹೆಂಗಸೊಬ್ಬಳನ್ನು ಇನ್ನೊಬ್ಬಳು ಗುರುತಿಸಿ ಸಿಟ್ಟಿನಿಂದ ಮೇಲೆ ಬಿದ್ದಿದ್ದಾಳೆ. ಆರೋಪಿ ತಲೆ ತಗ್ಗಿಸಿದ್ದಾಳೆ. ಪಕ್ಕದ ಮೇಜಿನ ಬಳಿ ಅಧಿಕಾರಿ ಕುಳಿತಿದ್ದಾನೆ. ಅಂಚಿನಲ್ಲಿ ಕೈದಿಯ ಪಟ್ಟೆಬಟ್ಟೆ ತೊಟ್ಟ ಒಬ್ಬಾತ ನೋಡುತ್ತಾ ನಿಂತಿದ್ದಾನೆ, ಹಿಂದೆ ಜನರ ಸಾಲು.

ನಡುವಿನ ಇಬ್ಬರು ಹೆಂಗಸರನ್ನಷ್ಟೇ ಉಳಿಸಿ ಈ ಚಿತ್ರ ಕತ್ತರಿಸಿದರೆ ಏನು ಉಳಿದೀತು? ನೀರಿನ ನಳ್ಳಿಯ ಬಳಿ ನಡೆವ ಜಗಳ. ಮೇಜು, ಅಧಿಕಾರಿ, ಪಟ್ಟೆಬಟ್ಟೆ, ಸುತ್ತಲಿನ ಮುಖಗಳು ಸೇರಿದಾಗಲೇ ಅದು ಒಂದು ನ್ಯಾಯಸ್ಥಾನವಾಗುತ್ತದೆ, ನಾಲ್ಕಾರು ವರ್ಷಗಳ ನೋವಿನ ಲೆಕ್ಕ ಚುಕ್ತಾ ಆಗುವ ಗಳಿಗೆಯಾಗುತ್ತದೆ. ಅಂಚಿನಲ್ಲಿ ನಿಂತವರೇ ನಡುವಿನವರಿಗೆ ಅರ್ಥ ಕೊಡುತ್ತಾರೆ.

1947ರಲ್ಲಿ ರಾಬರ್ಟ್ ಕಾಪಾ, ಡೇವಿಡ್ ಸೀಮೊರ್, ಜಾರ್ಜ್ ರಾಡ್ಜರ್ ಮೊದಲಾದವರೊಡನೆ ಬ್ರೆಸಾನ್ ಮ್ಯಾಗ್ನಮ್ ಎಂಬ ಸಹಕಾರಿ ಸಂಸ್ಥೆ ಕಟ್ಟಿದರು. ಅಂದಿನವರೆಗೆ ಚಿತ್ರ ತೆಗೆದುಕೊಟ್ಟ ಮೇಲೆ ಅದರ ಹಕ್ಕು ಸಾಮಾನ್ಯವಾಗಿ ಪತ್ರಿಕೆಯದಾಗಿತ್ತು. ಜಾಗವಿದ್ದಷ್ಟು ಕತ್ತರಿಸುವುದು, ಬೇಕಾದ ಅಡಿಬರಹ ಹಾಕುವುದು ಸಂಪಾದಕರ ಇಷ್ಟ. ನೆಗೆಟಿವೂ ಹಕ್ಕೂ ತೆಗೆದವನಲ್ಲೇ ಉಳಿಯಬೇಕೆಂದು ಮ್ಯಾಗ್ನಮ್ ಪಟ್ಟು ಹಿಡಿಯಿತು. ಕತ್ತರಿಸಬೇಕೋ ಬೇಡವೋ ಎಂಬುದರ ಜತೆಗೆ, ಕತ್ತರಿ ಯಾರ ಕೈಯಲ್ಲಿ ಎಂಬ ಪ್ರಶ್ನೆಯೂ ಆಗ ಎದ್ದಿತೆನ್ನಬಹುದು.

ಭಾರತದಲ್ಲಿ

ಸಂಸ್ಥೆಯ ಸದಸ್ಯರು ಲೋಕವನ್ನು ಹಂಚಿಕೊಂಡಾಗ ಬ್ರೆಸಾನರ ಪಾಲಿಗೆ ಏಷ್ಯಾ ಬಂತು. ಸ್ವಾತಂತ್ರ್ಯದ ಹೊಸತರಲ್ಲಿ ರತ್ನ ಮೋಹಿನಿಯವರೊಡನೆ ಭಾರತಕ್ಕೆ ಬಂದರು. ಕುರುಕ್ಷೇತ್ರದ ನಿರಾಶ್ರಿತರ ಶಿಬಿರದಲ್ಲಿ ಚಿತ್ರ ತೆಗೆದರು. 1948ರ ಜನವರಿ 30ರ ಮಧ್ಯಾಹ್ನದ ಮೇಲೆ ದೆಹಲಿಯ ಬಿರ್ಲಾ ಭವನದಲ್ಲಿ ಗಾಂಧೀಜಿಯನ್ನು ಕಂಡು ತಮ್ಮ ನ್ಯೂಯಾರ್ಕ್ ಪ್ರದರ್ಶನದ ಪುಸ್ತಕ ತೋರಿಸಿದರು. ಶವದ ಗಾಡಿಯೊಂದನ್ನು ತಿರುಗಿ ನೋಡುತ್ತಿರುವ ಕವಿ ಕ್ಲೋದೆಲರ ಚಿತ್ರದ ಬಳಿ ಗಾಂಧೀಜಿಯ ಕೈ ತಡೆದು ನಿಂತಿತಂತೆ. ಬ್ರೆಸಾನ್ ಹೊರಟು ಹೋದ ಸ್ವಲ್ಪ ಹೊತ್ತಿನಲ್ಲೇ, ಸಾಯಂಕಾಲ ಐದು ಗಂಟೆ ಕಳೆದು, ಗುಂಡಿನ ಸದ್ದು ಕೇಳಿತು.

ಓಡಿ ಬಂದ ಅವರು ಅಂದು ರಾತ್ರಿ ತೆಗೆದ ಒಂದು ಚಿತ್ರ ಕಲೆಯ ಲೆಕ್ಕದಲ್ಲಿ ತೀರ ಕುಂದಿನದು. ಕತ್ತಲು, ಒಂದು ದೀಪ, ಅದರ ಬಳಿ ಬಿರ್ಲಾ ಭವನದ ಗೇಟಿನ ಮೇಲೇರಿ ನಿಂತು ಗಾಂಧೀಜಿಯ ಮರಣವಾರ್ತೆ ತಿಳಿಸುತ್ತಿರುವ ನೆಹರೂ, ಕೆಳಗೆ ಮಸುಕು ಮಸುಕಾದ ತಲೆಗಳು. ಬೆಳಕು ಸಾಲದೆ ಬಿಂಬ ಕದಡಿದೆ. ಬೇರೆ ಯಾರಾದರೂ ಆಗಿದ್ದರೆ ನೆಹರೂ ಅವರ ಮುಖವನ್ನಷ್ಟೇ ದೊಡ್ಡದು ಮಾಡಲು ಹೊರಡುತ್ತಿದ್ದರೋ ಏನೋ. ಆದರೆ ಆ ರಾತ್ರಿಯ ನಿಜವಿದ್ದುದು ಸುತ್ತಲಿನ ಕತ್ತಲಲ್ಲೇ. ಗಾಂಧೀಜಿಯ ಅಂತ್ಯಯಾತ್ರೆಯ ಅವರ ಚಿತ್ರಗಳು ಅಮೆರಿಕದ ಲೈಫ್ ಪತ್ರಿಕೆಯಲ್ಲಿ ಪ್ರಕಟವಾಗಿ ಲೋಕವೆಲ್ಲ ಕಂಡಿತು.

ಚೀನಾ, ಇಂಡೋನೇಷ್ಯಗಳನ್ನು ಸುತ್ತಿ 1950ರಲ್ಲಿ ಮತ್ತೆ ಭಾರತಕ್ಕೆ ಬಂದಾಗ, ತಿರುವಣ್ಣಾಮಲೈಯಲ್ಲಿ ರಮಣ ಮಹರ್ಷಿಗಳ ಕೊನೆಯ ದಿನಗಳ ಚಿತ್ರಗಳನ್ನೂ ತೆಗೆದರು. ಏಪ್ರಿಲ್ 14ರ ರಾತ್ರಿ ಮಹರ್ಷಿಗಳು ದೇಹ ಬಿಟ್ಟಾಗ ಅವರು ಅದೇ ಊರಿನಲ್ಲಿದ್ದರು.

ಇನ್ನೊಂದು ಪಕ್ಷ

ಹಾಗಾದರೆ ಕತ್ತರಿಸಿದವರೆಲ್ಲ ತಪ್ಪು ಮಾಡಿದರೇ? ಅನ್ನಲಾಗದು. ಬ್ರೆಸಾನ್ ಯಾರ ಋಣವನ್ನು ಒಪ್ಪಿಕೊಂಡಿದ್ದರೋ ಆ ಆಂದ್ರೆ ಕೆರ್ಟೇಶರೇ ತಮ್ಮ ನೆಗೆಟಿವ್‌ಗಳನ್ನು ಧಾರಾಳವಾಗಿ ಕತ್ತರಿಸಿ ಮುದ್ರಿಸಿದವರು. ಮತ್ತೊಂದು ಉದಾಹರಣೆಯನ್ನು ನಾವು ದಿನವೂ ಕಾಣುತ್ತೇವೆ. ಕೇರಳದ ಗೋಡೆಗಳಲ್ಲಿ, ಬಾವುಟಗಳಲ್ಲಿ, ಯುವಕರ ಅಂಗಿಗಳಲ್ಲಿ ಕಾಣುವ ಚೆ ಗೆವಾರಾರ ಮುಖ 1960ರ ಮಾರ್ಚ್ 5ರಂದು ಹವಾನಾದಲ್ಲಿ ಆಲ್ಬರ್ಟೊ ಕೊರ್ಡಾ ತೆಗೆದ ಚಿತ್ರ. ಹಡಗಿನ ಸ್ಫೋಟದಲ್ಲಿ ಮಡಿದವರ ಸಂಸ್ಕಾರದ ಸಭೆಯದು. ಮೂಲ ನೆಗೆಟಿವಿನಲ್ಲಿ ಒಂದು ಬದಿಗೆ ಇನ್ನೊಬ್ಬನ ಮುಖವಿದೆ, ಇನ್ನೊಂದು ಬದಿಗೆ ತಾಳೆಯ ಗರಿಗಳಿವೆ. ಎರಡನ್ನೂ ಕತ್ತರಿಸಿದ್ದರಿಂದಲೇ ಆ ಮುಖ ಲೋಕವನ್ನು ಸುತ್ತಿತು. 1963ರಲ್ಲಿ ಬ್ರೆಸಾನರೂ ಕ್ಯೂಬಾಕ್ಕೆ ಹೋಗಿ ಚೆ ಅವರ ಚಿತ್ರ ತೆಗೆದರು. ಅದು ಅಷ್ಟೊಂದು ಗೋಡೆಗಳನ್ನೇರಲಿಲ್ಲ.

ಕತ್ತರಿಸಿದ ಚಿತ್ರ ಬಾವುಟವಾಯಿತು. ಆದರೆ ಆ ದಿನ, ಆ ಸಭೆ, ಪಕ್ಕದಲ್ಲಿ ನಿಂತವನು ಎಲ್ಲವೂ ಮರೆಯಾದುವು. ಬಾವುಟ ಬೇಕಾದವನಿಗೆ ಕತ್ತರಿ ಸಹಾಯಕ. ಏನು ನಡೆಯಿತೆಂದು ಮುಂದಿನವರಿಗೆ ತಿಳಿಸಬೇಕೆನ್ನುವವನಿಗೆ ಅದು ಅಪಾಯ. ಬ್ರೆಸಾನ್ ಎರಡನೆಯ ಬಗೆಯವರು. ಇಂದಿನ ಪತ್ರಿಕಾ ಛಾಯಾಚಿತ್ರ ಸ್ಪರ್ಧೆಗಳ ನಿಯಮವೂ ಒಂದು ನಡುದಾರಿ ಹಿಡಿದಿದೆ: ಅಂಚಿನ ಅನಗತ್ಯ ವಿವರವನ್ನು ಕತ್ತರಿಸಬಹುದು, ಚಿತ್ರದೊಳಗಿನದನ್ನು ಅಳಿಸುವುದಾಗಲೀ ಹೊಸತು ಸೇರಿಸುವುದಾಗಲೀ ಕೂಡದು. ಹೆಚ್ಚಿನವರು ಒಪ್ಪಬಹುದಾದ ಮಾತಿದು. ಆದರೆ ಅನಗತ್ಯ ಯಾವುದು ಎಂದು ನಿಶ್ಚಯಿಸುವ ಕಷ್ಟ ಆಗಲೂ ಉಳಿಯುತ್ತದೆ.

ಮರಳಿ ಪೆನ್ಸಿಲಿಗೆ

1955ರಲ್ಲಿ ಪ್ಯಾರಿಸಿನ ಲೂವ್ರ್ ಅರಮನೆಯ ಕಟ್ಟಡದಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆಯಿತು. ಛಾಯಾಚಿತ್ರಗಳಿಗೆ ಅಲ್ಲಿ ದೊರೆತ ದೊಡ್ಡ ಮನ್ನಣೆಯದು. 1970ರಲ್ಲಿ ಛಾಯಾಗ್ರಾಹಕಿ ಮಾರ್ಟಿನ್ ಫ್ರಾಂಕ್ ಅವರನ್ನು ಎರಡನೆಯ ಮದುವೆಯಾದರು. ಆ ಮೇಲಿನ ವರ್ಷಗಳಲ್ಲಿ, ಕೀರ್ತಿಯ ತುತ್ತತುದಿಯಲ್ಲಿದ್ದಾಗಲೇ ಕೆಮರಾವನ್ನು ಬಹುಮಟ್ಟಿಗೆ ಬದಿಗಿಟ್ಟು, ಹರೆಯದಲ್ಲಿ ಬಿಟ್ಟಿದ್ದ ಪೆನ್ಸಿಲು ಹಿಡಿದು ಚಿತ್ರ ಬರೆಯುತ್ತಾ ಕುಳಿತರು. 2003ರಲ್ಲಿ ಅವರ ಹೆಸರಿನ ಪ್ರತಿಷ್ಠಾನ ಪ್ಯಾರಿಸಿನಲ್ಲಿ ಆರಂಭವಾಯಿತು. 2004ರ ಆಗಸ್ಟ್ 3ರಂದು, 96 ತುಂಬಲು ಕೆಲವೇ ದಿನಗಳಿರುವಾಗ, ದಕ್ಷಿಣ ಫ್ರಾನ್ಸಿನ ತಮ್ಮ ಮನೆಯಲ್ಲಿ ತೀರಿಕೊಂಡರು.

ಅವರ ಬಾಳಿನಿಂದ ಕಲಿಯಬೇಕಾದದ್ದು, ಕತ್ತರಿಯನ್ನು ಮುಟ್ಟಲೇಬಾರದೆಂಬ ಮಡಿಯನ್ನಲ್ಲ. ಸೇಂಟ್ ಲಜಾರಿನ ಬೇಲಿಯೇ ಅದಕ್ಕೆ ಸಾಕ್ಷಿ. ಆಮೇಲೆ ಸರಿಪಡಿಸಿದರಾಯಿತು ಎಂಬ ಆಸರೆಯನ್ನು ಕೈಬಿಟ್ಟವನ ಕಣ್ಣು ಎಷ್ಟು ಹರಿತವಾಗುತ್ತದೆ ಎಂಬುದನ್ನು ಕಲಿಯಬೇಕು. ಎರಡು ಹೆಜ್ಜೆ ಮುಂದೆ ಹೋಗಬೇಕಾದರೆ ಈಗಲೇ ಹೋಗಬೇಕು. ಅಂಚಿನಲ್ಲಿ ಯಾರಿದ್ದಾರೆಂದು ಈಗಲೇ ನೋಡಬೇಕು.

ಇಂದು ಮನೆಮನೆಯ ಮಕ್ಕಳ ಕೈಯಲ್ಲೂ ಮೊಬೈಲ್ ಕೆಮರಾ ಇದೆ. ಬೆರಳಿನಿಂದ ಎಳೆದರೆ ಚಿತ್ರ ಕತ್ತರಿಸಿ ಹೋಗುತ್ತದೆ. ಬೇಕಾದರೆ ಕತ್ತರಿಸಲಿ, ಆದರೆ ಮೂಲಚಿತ್ರವನ್ನು ಒಂದೆಡೆ ಹಾಗೆಯೇ ಉಳಿಸಿಡಲಿ. ಹಾಗೆಯೇ ಬಿಡುವಾದಾಗ ಚಾವಡಿಯ ಆ ಹಳೆಯ ಮದುವೆಯ ಚಿತ್ರವನ್ನು ಗೋಡೆಯಿಂದಿಳಿಸಿ, ಮನೆಯ ಹಿರಿಯರ ಬಳಿ ಕುಳಿತು, ಅಂಚಿನ ಸೆರಗು ಯಾರದೆಂದು ಕೇಳಿ ಹಿಂಬದಿಯಲ್ಲಿ ಹೆಸರು ಬರೆದಿಡುವುದು ಒಳ್ಳೆಯದು. ಕತ್ತರಿಸಿ ಹೋದ ಮುಖ ಮರಳಿ ಬಾರದು, ಹೆಸರಾದರೂ ಉಳಿದೀತು.